ಹೆಪ್ಪಿನ ಮಕ್ಕಳು

ದಿಂಬಿಗೆ ಮೋಸ ಮಾಡಲು ಬರುವುದಿಲ್ಲವೆಂದು ವಿಶಾಲಾ ಎಷ್ಟು ಸಲ ಹೇಳಿದರೂ ಅತ್ತೆ ಶಂಕ್ರವ್ವ ಕಿವಿಗೆ ಹಾಕಿಕೊಂಡಿರಲಿಲ್ಲ. ಭಾನುವಾರ ಮಧ್ಯಾಹ್ನ ವಿಶಾಲಾ ಕಾಯಿಪಲ್ಲೆಯ ಚೀಲ ಹಿಡಿದು ಸಂತೆಯಿಂದ ಬಂದು ನೋಡಿದರೆ, ಮಗಳು ಶಾಂಭವಿಯ ಸರ್ಕಾರಿ ದಿಂಬಿನ ಮೇಲೆ ಪಕ್ಕದ ಮನೆಯ ಹುಡುಗ ಮೌನೇಶ ಬಾಯಿ ತೆರೆದುಕೊಂಡು ಮಲಗಿದ್ದ. ಶಂಕ್ರವ್ವ ಅವನ ತಲೆಯ ಹತ್ತಿರ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅವನ ಮುಷ್ಟಿಯಲ್ಲಿ ಅರ್ಧ ತಿಂದ ಶೇಂಗಾ ಉಂಡಿ. ಅದು ಅವನಿಗೆ ಸಂದ ಲಂಚ.

"ಇದೇನ್ ಮಾಡಾಕತ್ತೀರಿ ಅತ್ತಿ?"

"ಗದ್ಲ ಮಾಡಬ್ಯಾಡ, ಈಗರ ಕಣ್ಣು ಹತ್ಯಾವ. ಹದಿನೆಂಟರ ಮಗ್ಗಿ ತನಕಾ ಬರ್ತೈತಂತ ಇವಂಗ. ಒಂದೀಟು ನಮ್ಮ ಕೂಸಿನ ಲೆಕ್ಕಕ್ಕೂ ಬೀಳಲಿ."

"ಯಾರ ತಲಿ ಅಂತ ದಿಂಬಿಗೆ ಗೊತ್ತಾಗತೈತ್ರಿ."

"ದಿಂಬಿಗೆ ತಲಿ ಗೊತ್ತಾಗತೈತಿ, ತಲಿಗೆ ಅಕ್ಷರ ಗೊತ್ತಾಗವಲ್ದು. ಛಲೋ ಯಂತ್ರ ಮಾಡೀರಿ ಬಿಡವ್ವ ನೀವು," ಎಂದು ಶಂಕ್ರವ್ವ ಸೆರಗು ಬೀಸುವುದನ್ನು ನಿಲ್ಲಿಸದೆ ಹೇಳಿದಳು.

ಮೂಲೆಯಲ್ಲಿ ಕೂತು ಹುಣಸೆ ಬೀಜ ಜೋಡಿಸುತ್ತಿದ್ದ ಶಾಂಭವಿ ತಲೆ ಎತ್ತಿ, "ಅವ್ವಾ, ಇದೇನಿದು?" ಎಂದು ಬೀಜವೊಂದನ್ನು ತೋರಿಸಿದಳು. ಅದು ಹುಣಸೆ ಬೀಜವೆಂದು ಬೆಳಿಗ್ಗೆಯಿಂದ ಅವಳಿಗೆ ನಾಲ್ಕಾರು ಸಲ ಹೇಳಿ ಆಗಿತ್ತು.

ಮೋಸ ನಡೆಯುವುದಿಲ್ಲವೆಂದು ವಿಶಾಲಾಗೆ ಗೊತ್ತಿದ್ದದ್ದು ಕೇಳಿದ ಮಾತಿನಿಂದಲ್ಲ. ಆ ದಿಂಬನ್ನು ಕಟ್ಟಿದವರಲ್ಲಿ ಅವಳೂ ಒಬ್ಬಳು. ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಇನ್ನೊಮ್ಮೆ ಮೆಲುಕು ಹಾಕುತ್ತದೆ. ಮೆಲುಕಾದದ್ದು ಉಳಿಯುತ್ತದೆ, ಆಗದ್ದು ಸೋರಿಹೋಗುತ್ತದೆ. ದಿಂಬಿನ ಹತ್ತಿಯೊಳಗೆ ಕೂದಲಿಗಿಂತ ತೆಳುವಾದ ತಂತಿಗಳ ಒಂದು ಬಲೆಯಿತ್ತು. ಮಗು ತಲೆಯಿಟ್ಟರೆ ಸಾಕು, ಆ ಮೆಲುಕನ್ನು ಬಲೆ ಕೇಳಿಸಿಕೊಳ್ಳುತ್ತಿತ್ತು. ಹಿಂದಿನ ದಿನ ಶಾಲೆಯಲ್ಲಿ ಹೇಳಿದ್ದರಲ್ಲಿ ಎಷ್ಟು ಆ ತಲೆಗೆ ಅಂಟಿತು ಎನ್ನುವುದು ಬೆಳಗಾಗುವುದರೊಳಗೆ ಒಂದು ಅಂಕಿಯಾಗಿ ಅವಳ ಕಚೇರಿ ಫಲಭವನಕ್ಕೆ ಹೋಗಿ ಮುಟ್ಟುತ್ತಿತ್ತು. ಸರ್ಕಾರಿ ಕಾಗದದಲ್ಲಿ ಅದಕ್ಕೊಂದು ಮಾರುದ್ದದ ಹೆಸರಿತ್ತು. ಜನ ಅದನ್ನು 'ಅಂಟು' ಎಂದರು. "ನಿಮ್ಮ ಹುಡುಗನ ಅಂಟು ಹೆಂಗೈತ್ರಿ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಕೇಳುವ ಮಟ್ಟಕ್ಕೆ ಅದು ಮನೆಮಾತಾಯಿತು.

ಅದಕ್ಕೂ ಮುಂಚೆ ಅಜ್ಜಂದಿರ ಕಾಲದಿಂದ ಒಂದೇ ಜಗಳ ನಡೆದು ಬಂದಿತ್ತು. ಶಾಲೆಗಳಿಗೆ ಸುರಿದ ದುಡ್ಡೆಲ್ಲ ಎಲ್ಲಿ ಹೋಯಿತು ಎಂದು ಒಬ್ಬರು ಕೇಳುವರು, ಸುರಿದದ್ದೇ ಸಾಲದು ಎಂದು ಇನ್ನೊಬ್ಬರು ಮೇಜು ಕುಟ್ಟುವರು. ದಿಂಬು ಬಂದ ಮೇಲೆ ಇಬ್ಬರೂ ಸುಮ್ಮನಾದರು. ಒಂದು ರೂಪಾಯಿ ಖರ್ಚು ಮಾಡಿದರೆ ಯಾವ ಓಣಿಯ ಯಾವ ಮಗುವಿನ ತಲೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಕಣ್ಣಿಗೇ ಕಾಣುವಾಗ ಜಗಳ ಆಡುವುದಾದರೂ ಏತಕ್ಕೆ? ಹಾಗೆ ಕಂಡ ಮೇಲೆ ಬಂದದ್ದು ವಿಶ್ರಾಂತಿ ಯೋಜನೆ. ಸತತ ಮೂರು ತಿಂಗಳು ಮಿತಿಗಿಂತ ಕಡಿಮೆ ಅಂಟು ತೋರಿದ ಮಗುವನ್ನು ಶಾಲೆಯಿಂದ 'ವಿಶ್ರಾಂತಿಗೆ' ಕಳಿಸುವುದು. ಅದರ ಪಾಲಿನ ಖರ್ಚನ್ನು ಅಂಟುವ ಮಕ್ಕಳ ಕಡೆ ತಿರುಗಿಸುವುದು. ಮೊದಲನೆಯ ವಿಶ್ರಾಂತಿಯಿಂದ ವಾಪಸು ಬರಲು ದಾರಿ ಇತ್ತು. ಎರಡನೆಯದರಿಂದ ಇರಲಿಲ್ಲ. ಹೆಸರು ಮೆತ್ತಗಿತ್ತು, ಹಾಗಾಗಿ ಯಾರೂ ಬೀದಿಗಿಳಿಯಲಿಲ್ಲ.

ಸರ್ಕಾರಿ ಕೆಲಸದವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಕಲಿಯಬೇಕು ಎಂಬ ಕಾಯ್ದೆ ಬಂದಾಗ ಊರೆಲ್ಲ ಚಪ್ಪಾಳೆ ತಟ್ಟಿತ್ತು. ವಿಶಾಲಾ ಕೂಡ ತಟ್ಟಿದ್ದಳು. ಶಾಂಭವಿ ಆಗ ಇನ್ನೂ ತೊಟ್ಟಿಲಲ್ಲಿದ್ದಳು. ಈಗ ಅವಳಿಗೆ ಎಂಟು ವರ್ಷ. ಮಗ್ಗದ ಓಣಿಯ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಅವಳಿಗೆ ಏನೂ ಅಂಟುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ತಲೆ, ಕಣ್ಣು, ಕಿವಿ ಎಲ್ಲ ನೋಡಿ ಕೈಚೆಲ್ಲಿದ್ದರು. ಇವತ್ತು ಹೇಳಿದ ಅಕ್ಷರ ನಾಳೆ ಅವಳ ಮುಂದೆ ಹೊಸ ನೆಂಟನಂತೆ ಬಂದು ನಿಲ್ಲುತ್ತಿತ್ತು, ಅವಳು ಅದನ್ನು ಅಷ್ಟೇ ಖುಷಿಯಿಂದ ನೋಡಿ "ಇದೇನಿದು?" ಎನ್ನುತ್ತಿದ್ದಳು. ಆದರೆ ಯಾರ ಮೊಣಕಾಲು ತರಚಿದೆ, ಯಾರ ಆಡು ಮರಿ ಹಾಕಿದೆ, ಮೌನೇಶನ ಅಪ್ಪ ಯಾವ ದಿನ ಕುಡಿದು ಬಂದಿದ್ದ ಎನ್ನುವುದೆಲ್ಲ ಅವಳಿಗೆ ನೆನಪಿರುತ್ತಿತ್ತು. ಅದು ಪಠ್ಯದಲ್ಲಿರಲಿಲ್ಲ. ದಿಂಬು ಅದನ್ನು ಎಣಿಸುತ್ತಿರಲಿಲ್ಲ.

ಗಂಡ ಗಾಳಿಯಂತ್ರಗಳ ರಿಪೇರಿಗೆಂದು ಗುಡ್ಡದಿಂದ ಗುಡ್ಡಕ್ಕೆ ಅಲೆಯುವವನು. ಮನೆಗೆ ಬಂದಾಗ ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ, ಅಂಕಿಯ ಮಾತೆತ್ತುತ್ತಿರಲಿಲ್ಲ. ಅಂಕಿ ವಿಶಾಲಾಳ ಪಾಲಿನದು. ಮೂರನೆಯ ತಿಂಗಳು ಮುಗಿಯುತ್ತಾ ಬಂದಿತ್ತು.

ಫಲಭವನದ ದೊಡ್ಡ ಹಾಲಿನಲ್ಲಿ ಒಂದು ಇಡೀ ಗೋಡೆ ನಕ್ಷೆಯೇ ಆಗಿತ್ತು. ಪ್ರತಿ ತರಗತಿಗೆ ಒಂದು ದೀಪದ ಚುಕ್ಕೆ. ಚೆನ್ನಾಗಿ ಅಂಟುವ ಕೋಣೆ ಹಸಿರು, ನಡುವಿನದು ಹಳದಿ, ದುಡ್ಡು ನೀರಿಗೆ ಹೋಗುತ್ತಿರುವಲ್ಲಿ ಕೆಂಪು. ಬೆಳಿಗ್ಗೆ ಅಂಕಿಗಳು ಬಂದು ಬೀಳುವ ಹೊತ್ತಿಗೆ ಗೋಡೆ ಒಮ್ಮೆ ಮಿಣುಕುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮಿಣುಕು ನೋಡಿ ವಿಶಾಲಾಗೆ ಕಣ್ಣು ತುಂಬಿ ಬಂದಿತ್ತು. ಇಷ್ಟೊಂದು ಮಕ್ಕಳು ಒಟ್ಟಿಗೆ ಕಲಿತದ್ದನ್ನು ತಾನು ನೋಡುತ್ತಿದ್ದೇನೆ ಅನ್ನಿಸಿತ್ತು. ಯಾರ ಹತ್ತಿರವೂ ಅದನ್ನು ಹೇಳಿರಲಿಲ್ಲ. ಹೇಳುವ ಸ್ವಭಾವ ಅವಳದ್ದಲ್ಲ.

ನಿರ್ದೇಶಕ ನಾಡಗೌಡರು ಮೆತ್ತಗಿನ ಮನುಷ್ಯ. ಸಕ್ಕರೆ ಕಾಯಿಲೆಗೆಂದು ನೆನೆಸಿದ ಮೆಂತ್ಯ ಕಾಳನ್ನು ಡಬ್ಬಿಯಲ್ಲಿ ತಂದು ಒಂದೊಂದಾಗಿ ಅಗಿಯುವರು, ಜವಾನನಿಗೂ ಬಹುವಚನ ಬಳಸುವರು. ಅವರೇ ಅವಳನ್ನು ಒಳಗೆ ಕರೆದರು.

"ಕೂಡ್ರಿ ವಿಶಾಲಾ ಅವರ. ನಿಮ್ಮ ವಲಯದಾಗ ಈ ಸಲ ಹನ್ನೆರಡು ಹೆಸರು ಬಂದಾವ."

"ಹೌದ್ರಿ ಸರ್."

"ಅದ್ರಾಗ ಒಂದು…" ಅವರು ವಾಕ್ಯ ಮುಗಿಸದೆ ಮೆಂತ್ಯ ಅಗಿದರು. "ನಾನೂ ಸರ್ಕಾರಿ ಸಾಲ್ಯಾಗ ಕಲ್ತಾಂವ. ಮಾಳಗಿ ಸೋರ್ತಿತ್ತು, ನಾವು ಮೂಲಿಗೆ ಸರ್ಕೋತ ಕಲೀತಿದ್ವಿ. ನನಗೂ ಕರುಳು ಚುರ್ ಅಂತೈತ್ರಿ."

"ಅದೊಂದು ಹೆಸರಿಗೆ ಬ್ಯಾರೆ ಯಾರರ ಒಪ್ಪಿಗಿ ಒತ್ತಿದ್ರ ಆಗಂಗಿಲ್ಲೇನ್ರಿ ಸರ್?"

"ಆಗತೈತಿ. ಆದ್ರ ಮಂದಿ ಏನಂತಾರ? ಸ್ವಂತ ಮಗಳು ಅಂತ ಕೈ ಹಿಂದ ತಗೊಂಡ್ಳು ಅಂತಾರ. ನೀವ ಒತ್ರಿ. ನಾಳೆ ಯಾವ ತಾಯಿ ಅಳಕೋತ ಬಂದ್ರೂ ನಾವು ನಿಮ್ಮನ್ನ ತೋರಸಬಹುದು. ನೋಡವ್ವಾ, ಈಕಿನೂ ತಾಯೀನ, ಅಂತ."

ವಿಶಾಲಾ ತನ್ನ ಕುರ್ಚಿಗೆ ಬಂದು ಹನ್ನೊಂದು ಹೆಸರಿಗೆ ಒಪ್ಪಿಗೆ ಒತ್ತಿದಳು. ಹನ್ನೆರಡನೆಯದಕ್ಕೂ ಅದೇ ವೇಗದಲ್ಲಿ ಒತ್ತಿದಳು, ಅದೇ ಅವಳಿಗೆ ಆಮೇಲೆ ತುಂಬ ದಿನ ಆಶ್ಚರ್ಯವಾಗಿ ಉಳಿಯಿತು. ಗೋಡೆಯ ಮೇಲೆ ಮಗ್ಗದ ಓಣಿಯ ಚುಕ್ಕೆ ಹಳದಿಯಿಂದ ಹಸಿರಾಯಿತು. ಒಂದು ಮಗು ಕಡಿಮೆಯಾದ ಕೂಡಲೇ ಸರಾಸರಿ ಏರಿತ್ತು.

ವಿಶ್ರಾಂತಿ ಎಂದರೆ ಏನೆಂದು ಶಾಂಭವಿಗೆ ತಿಳಿಸಿ ಹೇಳಿದರೂ ಮರುದಿನಕ್ಕೆ ಅದೂ ಅಂಟಿರಲಿಲ್ಲ. ದಿನಾ ಬೆಳಿಗ್ಗೆ ನೀಲಿ ಲಂಗ ತೊಟ್ಟು, ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೊರಡುವಳು. ಗೇಟಿನ ಕಣ್ಣು ಅವಳ ಮುಖ ನೋಡಿ ತೆರೆದುಕೊಳ್ಳುತ್ತಿರಲಿಲ್ಲ. ಅವಳು ಸರಳಿಗೆ ಹಣೆ ಒತ್ತಿ ನಿಲ್ಲುವಳು. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಅತ್ತ ಕಡೆಯಿಂದ ಬಂದು ಮಾತಾಡಿಸಿ ಹೋಗುವರು.

"ಏ ಶಾಂಬಿ, ನೀ ಛಲೋ ಅದೀ ನೋಡ್," ಎಂದ ಮೌನೇಶ ಒಂದು ದಿನ. "ಮನ್ಯಾಗ ಆರಾಮ. ಈಗ ನಾವೂ ಆರಾಮ. ಬೆಲ್ ಆದ್ ಕೂಡ್ಲೆ ಊಟ."

"ಯಾಕ?"

"ನೀ ಇಲ್ಲಲ್ಲಾ, ಅದಕ್ಕ."

"ಯಾಕ?"

"ಏ ಹೋಗ, ನಿನಗ ಹೇಳೂದ್ರಾಗ ನನ್ನ ಸಾರು ಆರತೈತಿ," ಎಂದು ಅವನು ಓಡಿದ.

ಮಗಳನ್ನು ಕರೆದೊಯ್ಯಲು ಬಂದ ವಿಶಾಲಾ ಅದನ್ನು ಕೇಳಿಸಿಕೊಂಡಳು. ತರಗತಿಯ ಟೀಚರು ಹಸೀನಾ ಅಕ್ಕಾರು ಗೇಟಿನ ತನಕ ನಡೆದು ಬಂದರು. ಅವರದ್ದೊಂದು ಹಳೆಯ ಪದ್ಧತಿಯಿತ್ತು. ದಿನದ ಪಾಠವನ್ನು ತರಗತಿಯ ಕಟ್ಟಕಡೆಯ ಮಗು ಒಪ್ಪಿಸುವ ತನಕ ಯಾರೂ ಊಟಕ್ಕೆ ಏಳುವ ಹಾಗಿರಲಿಲ್ಲ. ಕಟ್ಟಕಡೆಯ ಮಗು ಯಾವಾಗಲೂ ಶಾಂಭವಿಯೇ. ಒಳಗೆ ಅನ್ನದ ವಾಸನೆ ಬರುತ್ತಿದ್ದರೆ ಹುಡುಗರು ಅವಳ ಸುತ್ತ ಮುತ್ತಿಗೆ ಹಾಕುವರು. ಒಬ್ಬ ಹುಣಸೆ ಬೀಜ ಇಟ್ಟು ತೋರಿಸುವನು, ಒಬ್ಬಳು ಹಾಡು ಕಟ್ಟುವಳು, ಇನ್ನೊಬ್ಬ ಅವಳ ಬೆನ್ನ ಮೇಲೆ ಬೆರಳಿನಿಂದ ಬರೆಯುವನು, ಮೌನೇಶ ಬೈಯುವನು. ಕೊನೆಗೊಮ್ಮೆ ಅವಳ ಬಾಯಿಂದ ಉತ್ತರ ಬಿದ್ದರೆ ಇಡೀ ಕೋಣೆ ಹೋ ಎಂದು ಕೂಗಿ ತಟ್ಟೆ ಹಿಡಿದು ಓಡುತ್ತಿತ್ತು.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಮೇಡಂ," ಎಂದರು ಹಸೀನಾ ಅಕ್ಕಾರು. "ಖರೇ ಹೇಳ್ಬೇಕಂದ್ರ ನನಗೂ ಕುತ್ತಿಗಿ ಮ್ಯಾಲಿನ ಭಾರ ಇಳ್ದಂಗ ಆಗೈತಿ. ಹುಡುಗ್ರು ಬಿಸಿ ಬಿಸಿ ಉಣ್ಣಾಕತ್ತಾರ."

"ಅಕ್ಕಾರ, ಇವತ್ತು ಏನ್ ಕಲಿಸಿದ್ರಿ?" ಎಂದು ಸರಳುಗಳ ನಡುವಿನಿಂದ ಶಾಂಭವಿ ಕೇಳಿದಳು.

ಅಕ್ಕಾರು ಅವಳ ಗಲ್ಲ ಸವರಿ ಒಳಗೆ ಹೋದರು.

ಆ ಬಿಸಿ ಊಟದ ಫಲ ಗೋಡೆಯ ಮೇಲೆ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. ಮಗ್ಗದ ಓಣಿಯ ಹಸಿರು ಮೊದಲು ಮಂಕಾಯಿತು, ಆಮೇಲೆ ಹಳದಿಗೆ ತಿರುಗಿತು, ದೀಪಾವಳಿಯ ರಜೆ ಕಳೆಯುವಷ್ಟರಲ್ಲಿ ಕೆಂಪಾಯಿತು. ಹದಿನೆಂಟರ ಮಗ್ಗಿಯ ಮೌನೇಶನ ತಲೆ ಕೂಡ ಸೋರತೊಡಗಿತ್ತು. ನಾಡಗೌಡರು ಟೀಚರಿಗೆ ನೋಟಿಸು ಕಳಿಸಲು ಹೇಳಿದರು. ವಿಶಾಲಾ ಒಂದು ವಾರ ತಡೆಯಿರಿ ಎಂದಳು.

ಅವಳಿಗೆ ಯಾವುದೋ ಅನುಮಾನ ಹತ್ತಿತ್ತು. ವಿಶ್ರಾಂತಿಗೆ ಮಗು ಹೋದ ಕೋಣೆಗಳನ್ನೆಲ್ಲ ಬೇರೆ ಮಾಡಿ, ಹೋದ ದಿನದಿಂದ ಮುಂದಕ್ಕೆ ಅಂಕಿಗಳನ್ನು ಜೋಡಿಸಿದಳು. ಬೀದರಿನಲ್ಲಿ, ಕೊಳ್ಳೇಗಾಲದಲ್ಲಿ, ಕಾರವಾರದಲ್ಲಿ, ಎಲ್ಲ ಕಡೆಯೂ ಅದೇ ಇಳಿಜಾರು. ಮಂದ ಮಗುವೊಂದು ಬಾಗಿಲು ದಾಟಿ ಹೋಗುತ್ತದೆ, ಉಳಿದವರ ಅಂಟು ಕರಗುತ್ತದೆ. ಎಲ್ಲಿ ಮಕ್ಕಳು ಕೂಡಿ ಹಿಂದುಳಿದವರಿಗೆ ಹೇಳಿಕೊಡುವ ರೂಢಿ ಹೆಚ್ಚಿತ್ತೋ ಅಲ್ಲಿ ಇಳಿಜಾರು ಇನ್ನೂ ಕಡಿದು. ಟೀಚರು ಹೇಳಿದ್ದು ಮಕ್ಕಳಿಗೆ ಅರ್ಧವೇ ಅಂಟುತ್ತಿತ್ತು. ಅದನ್ನೇ ಶಾಂಭವಿಯಂಥವಳಿಗೆ ನಾಲ್ಕು ಬಗೆಯಲ್ಲಿ ಬಿಡಿಸಿ ಹೇಳುವಾಗ ಪೂರ್ತಿ ಅಂಟುತ್ತಿತ್ತು. ಅವಳು "ಏನು?" ಎಂದಷ್ಟೂ ಅವರು ಕಲಿಯುತ್ತಿದ್ದರು. ಆ ಕೋಣೆಯ ಖರ್ಚಿಗೆ ಫಲ ಬರುತ್ತಿದ್ದದ್ದೇ ಅವಳಿಂದ.

ವಿಶಾಲಾ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕಳು, ಆಮೇಲೆ ಮುಖ ತೊಳೆದುಕೊಂಡಳು. ಎರಡು ದಿನ ಕೂತು ವರದಿ ಬರೆದಳು. ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಗೇಟು ತೆರೆದುಕೊಳ್ಳುವ ದೃಶ್ಯ ಒಂದೇ.

ನಾಡಗೌಡರು ಅದನ್ನು ಓದಿ ಮುಗಿಸಿ ಮೆಂತ್ಯದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಭೇಷ್! ನಾವು ಹೆಪ್ಪನ್ನ ಚೆಲ್ಲಿ ಹಾಲು ಯಾಕ ಮೊಸರಾಗವಲ್ದು ಅಂತ ಕುಂತಿದ್ವಿ ನೋಡ್ರಿ."

"ಹೌದ್ರಿ ಸರ್. ವಿಶ್ರಾಂತಿಗೆ ಹೋದ ಮಕ್ಕಳನ್ನ ಎಲ್ಲಾರನ್ನೂ ವಾಪಸ್…"

"ಎಲ್ಲಾರನ್ನೂ ಯಾಕ್ರಿ? ಒಂದು ಪಾತೇಲಿ ಹಾಲಿಗೆ ಎಷ್ಟು ಹೆಪ್ಪು ಬೇಕು? ಒಂದು ಚಮಚ. ಕೋಣಿಗೊಂದು ಮಗು ಸಾಕು. ಖರ್ಚು ನೋಡ್ರಿ, ಒಬ್ಬ ಟೀಚರ ಪಗಾರದ ಮುಂದ ಏನೂ ಇಲ್ಲ." ಅವರ ಮುಖ ನಿಜವಾಗಿಯೂ ಬೆಳಗುತ್ತಿತ್ತು. "ಆದ್ರ ಒಂದು ಮಾತು. ಆ ಮಗು ತಾನ ಕಲ್ತು ಬಿಟ್ರ?"

ವಿಶಾಲಾಗೆ ಪ್ರಶ್ನೆ ಅರ್ಥವಾಗಲಿಲ್ಲ. "ಕಲ್ತ್ರ ಒಳ್ಳೇದ ಅಲ್ಲೇನ್ರಿ ಸರ್?"

"ಅಕಿಗೆ ಒಳ್ಳೇದು. ಕೋಣಿಗೆ? ಅಕಿ ಕೇಳೂದು ಬಿಟ್ಲು ಅಂದ್ರ ಮತ್ತ ಎಲ್ಲಾ ಕೆಂಪು. ಹೆಪ್ಪು ಹೆಪ್ಪಾಗೇ ಇರಬೇಕ್ರಿ. ಅದನ್ನ ಯಾರೂ ಉಣ್ಣಂಗಿಲ್ಲ, ಕೆಡಸಂಗೂ ಇಲ್ಲ." ಅವರು ಮುಂದಕ್ಕೆ ಬಾಗಿದರು. "ದಿಂಬು ಕಟ್ಟುವಾಗ ನೀವೊಂದು ಗುಂಯ್ ಅನ್ನೂ ಸಪ್ಪಳ ಹುಡುಕಿದ್ರಿ. ಮೆಲುಕು ಕೆಡಸ್ತಿತ್ತು ಅದು. ಕಷ್ಟಪಟ್ಟು ಅದನ್ನ ತಗದು ಹಾಕಿದ್ರಿ. ವಾಪಸ್ ಹಾಕಾಕ ಬರ್ತೈತೇನು?"

ಬರುತ್ತಿತ್ತು. ಕಿವಿಗೆ ಕೇಳಿಸದ ಸಣ್ಣ ಸಪ್ಪಳ. ಮಗುವಿಗೆ ನೋವಿಲ್ಲ, ನಿದ್ದೆಯೂ ಕೆಡುವುದಿಲ್ಲ. ಮೆಲುಕು ಮಾತ್ರ ಶುರುವಾದಲ್ಲೇ ಹರಿದು ಹೋಗುತ್ತದೆ.

"ನಿಮ್ಮ ಮಗಳ ಹೆಸರ ಮೊದ್ಲು ಹಾಕೋಣು," ಎಂದರು ನಾಡಗೌಡರು ಪ್ರೀತಿಯಿಂದ. "ಸೋಮವಾರದಿಂದ ಸಾಲಿಗೆ ಹೋಗಲಿ."

ಮಗಳು ಸರಳಿಗೆ ಹಣೆ ಒತ್ತಿ ಒತ್ತಿ ಅಲ್ಲಿ ಒಂದು ಗೆರೆ ಮೂಡಿತ್ತು. ವಿಶಾಲಾ ಅದನ್ನು ನೆನೆದು, "ಬರ್ತೈತ್ರಿ ಸರ್," ಎಂದಳು.

ಹೆಪ್ಪಿನ ಮಕ್ಕಳಿಗೆ ಹಸಿರು ಗವಸಿನ ದಿಂಬು ಬಂತು. ಶಾಂಭವಿ ಅದನ್ನು ಓಣಿಯ ತುಂಬ ಹೊತ್ತು ತೋರಿಸಿ ಬಂದಳು. ಗೇಟು ತೆರೆದ ದಿನ ಮೌನೇಶ ಅವಳನ್ನು ಕೈಹಿಡಿದು ಒಳಗೆಳೆದು, "ಬಂತ್ ನೋಡ್ರಲೇ ಪೀಡಾ! ಇನ್ ಊಟ ಗೋವಿಂದ," ಎಂದು ಕೂಗಿದ. ಅವನ ಮುಖದಲ್ಲಿ ಇದ್ದದ್ದು ಖುಷಿಯೇ. ಚುಕ್ಕೆ ಹಳದಿಯಾಯಿತು, ಹಸಿರಾಯಿತು. ಹಸೀನಾ ಅಕ್ಕಾರಿಗೆ ನೋಟಿಸು ಹೋಗಲಿಲ್ಲ. ಬದಲಿಗೆ ಬಡ್ತಿ ಬಂತು. ಅವರು ಒಂದು ಡಬ್ಬಿ ಧಾರವಾಡ ಪೇಡೆ ತಂದು ಕೊಟ್ಟು ಹೋದರು.

ಊರು ಹೊಸದಕ್ಕೆ ಬೇಗ ಹೊಂದಿಕೊಂಡಿತು. ಹೆಪ್ಪಿನ ಮಗುವಿನ ಮನೆಗೆ ತಿಂಗಳಿಗೊಂದು ಗೌರವಧನ ಇತ್ತು. ಅದಕ್ಕಾಗಿ ಚುರುಕು ಮಕ್ಕಳಿಗೆ ಪೆದ್ದರಂತೆ ನಟಿಸಲು ಕಲಿಸಿದ ತಾಯಂದಿರಿದ್ದರು. ದಿಂಬಿನ ಮುಂದೆ ಅದು ನಡೆಯಲಿಲ್ಲ. ಶ್ರೀಮಂತ ಬಡಾವಣೆಗಳಲ್ಲಿ ಮಂದ ಮಕ್ಕಳ ಕೊರತೆ ಬಿತ್ತು. ಅಲ್ಲಿಗೆ ಹಳ್ಳಿಗಳಿಂದ ಬೆಳಿಗ್ಗೆ ವ್ಯಾನಿನಲ್ಲಿ ಮಕ್ಕಳನ್ನು ತಂದು, ಸಂಜೆ ತಿರುಗಿ ಬಿಟ್ಟು ಬರುತ್ತಿದ್ದರು. "ನಮ್ಮ ಕ್ಲಾಸಿನ ಹೆಪ್ಪು ಭಾಳ ಕ್ಯೂಟ್ ಅದಾಳ ಮಮ್ಮಿ," ಎಂದು ಆ ಮಕ್ಕಳು ಮನೆಯಲ್ಲಿ ಹೇಳುತ್ತಿದ್ದವು. ವ್ಯಾನಿನಲ್ಲಿ ಬಂದ ಮಕ್ಕಳು ಮನೆಯಲ್ಲಿ ಏನು ಹೇಳುತ್ತಿದ್ದವೋ ಯಾರೂ ಕೇಳಲಿಲ್ಲ, ಅವಕ್ಕೆ ನೆನಪಿರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನಿಯಮ ಒಂದೇ, ಅದನ್ನು ಬರೆದವಳೂ ವಿಶಾಲಾಳೇ. ಪರದೆಯ ಮೇಲೆ ಹೆಪ್ಪಿನ ಮಗುವಿನ ಅಂಟಿನ ಗೆರೆ ಮಲಗಿಯೇ ಇರಬೇಕು. ಮೇಲೆದ್ದರೆ ಹೆಪ್ಪಿನಿಂದ ಹೆಸರು ಹೋಗುತ್ತದೆ. ಹಾಗೆ ಹೋದವಳು ಸಾದಾ ತರಗತಿಗೂ ಸಲ್ಲುವುದಿಲ್ಲ, ಅವಳಿಗೆ ಅಂಟುವ ಅಷ್ಟಿಷ್ಟಕ್ಕೆ ಪೂರ್ತಿ ಖರ್ಚು ಮಾಡಲು ಬರುವುದಿಲ್ಲ. ಅದು ಎರಡನೆಯ ವಿಶ್ರಾಂತಿ.

ದಿಂಬು ತಡೆಯುವುದು ದಿಂಬಿನ ಮೇಲಿನ ನಿದ್ದೆಯ ಮೆಲುಕನ್ನು ಮಾತ್ರ. ಶನಿವಾರ ಶಾಲೆ ಅರ್ಧ ದಿನ; ಮಧ್ಯಾಹ್ನ ಬಂದವಳೇ ಶಾಂಭವಿ ಅಜ್ಜಿಯ ತೊಡೆಯ ಮೇಲೆ ಮಲಗಿಬಿಡುತ್ತಿದ್ದಳು. ಶಂಕ್ರವ್ವ ಅವಳ ತಲೆ ನೇವರಿಸುತ್ತಾ ಕಾಳು ಆರಿಸುವಳು. ಮೂವತ್ತು ಹುಡುಗರು ವಾರವೆಲ್ಲ ಬೀಜದಲ್ಲಿ, ಹಾಡಿನಲ್ಲಿ, ಬೆನ್ನ ಮೇಲಿನ ಬೆರಳಿನಲ್ಲಿ ಹೇಳಿಕೊಟ್ಟದ್ದರ ಒಂದು ಎಳೆ ಆ ತೊಡೆಯ ಮೇಲೆ ಸದ್ದಿಲ್ಲದೆ ಮೆಲುಕಾಗುತ್ತಿತ್ತು. ವಿಶಾಲಾಗೆ ಅದು ಹೊಳೆದಿರಲಿಲ್ಲ. ಅವಳೊಳಗಿನ ಎಂಜಿನಿಯರು ತೊಡೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ಭಾನುವಾರ ಅಡುಗೆಮನೆಯಲ್ಲಿ ಶಾಂಭವಿ ಮಣೆಯ ಮೇಲೆ ಹತ್ತಿ ನಿಂತು, ಗೋಡೆಯ ಮಾಡದಲ್ಲಿ ಸಾಲಾಗಿಟ್ಟ ಡಬ್ಬಿಗಳನ್ನು ನೋಡುತ್ತಿದ್ದಳು. ಪ್ರತಿ ಡಬ್ಬಿಯ ಮೇಲೂ ವಿಶಾಲಾ ಮದುವೆಯಾದ ಹೊಸದರಲ್ಲಿ ಅಂಟಿಸಿದ ಚೀಟಿ.

"ಬೆ… ಲ್ಲ," ಎಂದಳು ಶಾಂಭವಿ. ಆಮೇಲೆ ಕೂಡಿಸಿ, "ಬೆಲ್ಲ!"

ಶಂಕ್ರವ್ವನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. "ಓದಿದ್ಳು! ಯವ್ವಾ ವಿಶಾಲಾ, ಓದಿದ್ಳ! ನನ್ನ ಬಂಗಾರ ಓದಿದ್ಳ! ಎಲ್ಲೈತಿ ಸಕ್ರಿ, ಓಣಿಗೆಲ್ಲಾ ಹಂಚತೀನಿ…"

"ಬಾಯಿ ಮುಚ್ರಿ ಅತ್ತಿ."

ಆ ಮನೆಯಲ್ಲಿ ವಿಶಾಲಾ ಅಂಥ ಮಾತು ಆಡಿದ್ದು ಅದೇ ಮೊದಲು. ಅವಳು ಎದ್ದು ಹೋಗಿ ಕಿಟಕಿ ಹಾಕಿದಳು. ಮಗಳು ಗೋಡೆಗೆ ಬೆನ್ನು ಕೊಟ್ಟು ನಗುತ್ತಿದ್ದಳು. ಆ ನಗುವಿನ ಹಿಂದೆ ವಿಶಾಲಾಗೆ ಕಂಡದ್ದು ಮುಚ್ಚಿದ ಗೇಟು, ಸರಳು, ಹಣೆಯ ಗೆರೆ. ಈ ಸಲ ಮುಚ್ಚಿದರೆ ಮುಚ್ಚಿದ್ದೇ.

"ಅದು ಬೆಲ್ಲ ಅಲ್ಲ," ಎಂದಳು. "ಉಪ್ಪು."

ಶಾಂಭವಿ ಚೀಟಿಯನ್ನು ಮತ್ತೆ ನೋಡಿದಳು. "ಬೆ… ಲ್ಲ," ಎಂದು ಬೆರಳಿಟ್ಟು ಹೇಳಿದಳು. ಡಬ್ಬಿಯ ಮುಚ್ಚಳ ತೆಗೆದು ಒಂದು ಚೂರು ಎತ್ತಿ ತೋರಿಸಿದಳು. "ಇದು ಬೆಲ್ಲ ಐತೆಲ್ಲವ್ವಾ?"

"ಉಪ್ಪಿನ ಡಬ್ಬ್ಯಾಗ ಬೆಲ್ಲ ಹಾಕೀನಿ. ಬರ್ದಿದ್ದು ಉಪ್ಪು ಅಂತ. ಹೇಳು. ಉಪ್ಪು."

"ಆದ್ರ ಮೌನೇಶ ಹೇಳ್ಯಾನ, ಹಿಂಗ ಇದ್ರ ಬೆ…"

ವಿಶಾಲಾ ಅವಳ ಕೆನ್ನೆಗೆ ಹೊಡೆದಳು. ಆ ಕೈ ಹಿಂದೆಂದೂ ಮಗಳ ಮೇಲೆ ಎದ್ದಿರಲಿಲ್ಲ. ಬೆಲ್ಲದ ಚೂರು ನೆಲಕ್ಕೆ ಬಿತ್ತು. ಶಾಂಭವಿ ಅಳಲಿಲ್ಲ, ಉಸಿರು ಹಿಡಿದು ತಾಯಿಯ ಮುಖ ನೋಡಿದಳು.

"ಏನದು?"

"ಉ… ಉಪ್ಪು."

"ಇನ್ನೊಮ್ಮೆ."

"ಉಪ್ಪು."

ವಿಶಾಲಾ ರಟ್ಟೆ ಹಿಡಿದುಕೊಂಡೇ ಮತ್ತೆ ಮತ್ತೆ ಹೇಳಿಸಿದಳು. ಕೊನೆಗೆ ತಾಯಿ ಕೇಳುವ ಮುಂಚೆಯೇ ಮಗಳು ಹೇಳತೊಡಗಿದಳು. ಶಂಕ್ರವ್ವ ಮೊರ ಎತ್ತಿಕೊಂಡು, ಚೆಲ್ಲಿದ ಕಾಳನ್ನು ಗುಡಿಸುತ್ತಾ, "ಸರಸ್ವತಿ ಬಾಗಲಕ್ಕ ಬಂದ್ರ ಮಾರಿಗೆ ಹೊಡದು ಕಳಸ್ತಿಯಲ್ಲಾ. ನೀನೂ ಒಬ್ಬಾಕಿ ತಾಯಿ," ಎಂದಳು. ಆಮೇಲೆ 'ಈಕಿನೂ ತಾಯೀನ' ಎಂದಿದ್ದ ನಾಡಗೌಡರ ಮಾತು ವಿಶಾಲಾಗೆ ಬೇಡವೆಂದರೂ ನೆನಪಾಯಿತು.

ಮರುದಿನ ಬೆಳಿಗ್ಗೆ ಗೋಡೆ ಮಿಣುಕಿದಾಗ ಅವಳು ನೇರ ಮಗ್ಗದ ಓಣಿಯನ್ನೇ ನೋಡಿದಳು. ಚುಕ್ಕೆಯ ಪಕ್ಕದಲ್ಲಿ ಎಚ್ಚರಿಕೆಯ ಗುರುತು ಮಿನುಗುತ್ತಿತ್ತು. ಶಾಂಭವಿಯ ಗೆರೆ ಮಲಗಿರಲಿಲ್ಲ. ನೆಟ್ಟಗೆ ಎದ್ದು ನಿಂತಿತ್ತು. ಆ ತರಗತಿಯ ಯಾವ ಮಗುವಿನ ಗೆರೆಯೂ, ಮೌನೇಶನದೂ ಎಂದೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ಹಸಿರು ದಿಂಬಿನ ಸಪ್ಪಳ ಅದನ್ನು ಹರಿಯಲು ನೋಡಿ ಸೋತಿತ್ತು. ಅಕ್ಷರ ಎಲ್ಲಿ ಕಲಿತರೂ ಅದು ಪಠ್ಯವೇ; ದಿಂಬು ಅಂಟಿತೇ ಇಲ್ಲವೇ ಎಂದು ಹೇಳಬಲ್ಲುದು. ಅಂಟಿದ್ದು ನಿಜವೋ ಸುಳ್ಳೋ ಎನ್ನುವುದು ಅದಕ್ಕೆ ತಿಳಿಯದು.

ನಾಡಗೌಡರು ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತರು.

"ನಿನ್ನೆ ರವಿವಾರ. ಸಾಲಿ ಇಲ್ಲ. ಮನ್ಯಾಗ ಏನ್ ಕಲಿಸಿದ್ರಿ ವಿಶಾಲಾ ಅವರ?"

"ಏನೂ ಇಲ್ರಿ ಸರ್."

"ಏನರ ಇರ್ಬೇಕು. ಇಷ್ಟು ಘಟ್ಟಿ ಅಂಟಿದ್ದು ನಾ ಈ ಜನ್ಮದಾಗ ನೋಡಿಲ್ಲ." ಅವರು ಪರದೆಯ ಮೇಲೆ ಬಾಗಿ ಗೆರೆಯನ್ನು ಬಿಡಿಸಿ ನೋಡಿದರು. ಅದರ ಬುಡದಲ್ಲಿ, ಮೆಲುಕಿನ ಜೊತೆಗೇ ಬಲೆ ಹಿಡಿದಿದ್ದ ಹೆದರಿಕೆಯ ಗುರುತು ಕಡುಕೆಂಪಾಗಿ ಕೂತಿತ್ತು. ಅವರು ಮೆಂತ್ಯ ಅಗಿಯುವುದನ್ನು ನಿಲ್ಲಿಸಿದರು. ವಿಶಾಲಾಳ ಮುಖ ನೋಡಿದರು, ಮತ್ತೆ ಗೆರೆ ನೋಡಿದರು. "ಒಂದ ದಿನ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಟೀಚರಿಲ್ಲ, ಪುಸ್ತಕಿಲ್ಲ, ಊಟಿಲ್ಲ. ಖರ್ಚು ಸೊನ್ನಿ."

"ಸರ್, ಇದೊಂದು ಸಲ ಅಕಿ ಹೆಸರು…"

"ಅದು ನನ್ನ ಕೈಯಾಗಿಲ್ರಿ, ನಿಯಮ ನೀವ ಬರ್ದದ್ದು," ಎಂದು ಅವರು ಅವಳ ಹೆಗಲು ತಟ್ಟಿದರು. ಮನಸ್ಸು ಆಗಲೇ ಬೇರೆಲ್ಲೋ ಇತ್ತು. ಗೋಡೆಯ ಮೇಲಿನ ಸಾವಿರಾರು ಚುಕ್ಕೆಗಳನ್ನು ಅವರು ಹೊಸ ಮನೆ ನೋಡುವವರ ಹಾಗೆ ಮೂಲೆಯಿಂದ ಮೂಲೆಗೆ ನೋಡುತ್ತಾ ನಿಂತರು. ಆಮೇಲೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಈ ಸಲದ ವರದಿಯನ್ನು ಅವರೇ ಬರೆದರು.

ಶಾಂಭವಿಯ ಎರಡನೆಯ ವಿಶ್ರಾಂತಿಗೆ ಒಪ್ಪಿಗೆ ಒತ್ತಬೇಕಾದವಳು ಆ ವಲಯದ ಅಧಿಕಾರಿಯೇ. ವಿಶಾಲಾ ಒತ್ತಿದಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹಸಿರು ದಿಂಬನ್ನು ಫಲಭವನದವರು ಒಯ್ದರು. ಶಾಲೆ ಕೊಡದಿದ್ದರೆ ಬೇಡ, ತಾನೇ ಮಗಳಿಗೆ ಓದು ಕಲಿಸುತ್ತೇನೆ ಎಂದುಕೊಂಡು ವಿಶಾಲಾ ರಜೆ ಹಾಕಿದಳು. ಮೊದಲನೆಯ ದಿನ ಮಾಡದಿಂದ ಆ ಡಬ್ಬಿಯನ್ನೇ ಇಳಿಸಿ ಮಗಳ ಮುಂದಿಟ್ಟಳು. ಶಾಂಭವಿ ಗೋಡೆಯ ಕಡೆ ಒಂದು ಗೇಣು ಸರಿದು ಕೂತಳು.

"ಶಾಂಬೂ, ಇದನ್ನ ಓದು. ಹೆದರಬ್ಯಾಡ."

"ಉಪ್ಪು," ಎಂದಳು ಶಾಂಭವಿ ಕೂಡಲೇ.

"ಅಲ್ಲ ಕೂಸ. ಅವತ್ತು ನೀ ಓದಿದ್ದು ಬರೋಬರಿ ಇತ್ತು. ನಾ ಸುಳ್ಳು ಹೇಳ್ದೆ. ಇದು ಬೆಲ್ಲ. ನೋಡಿಲ್ಲೆ, ಬೆ… ಲ್ಲ."

ಶಾಂಭವಿ ಚೀಟಿಯ ಕಡೆ ನೋಡಲಿಲ್ಲ. ತಾಯಿಯ ಬಲಗೈಯನ್ನು ನೋಡುತ್ತಿದ್ದಳು. ಅದು ಎಲ್ಲಿದೆ, ಏಳುತ್ತದೆಯೇ ಎಂದು.

"ಉಪ್ಪು," ಎಂದಳು ಮತ್ತೆ.

ವಿಶಾಲಾ ಮುಚ್ಚಳ ತೆಗೆದು ಚೂರು ಮುರಿದು ಅವಳ ಬಾಯಿಗಿಟ್ಟಳು. "ಹೆಂಗೈತಿ?"

"ಸಿಹಿ."

"ಹಂಗಾರ ಇದೇನು?"

"ಬೆಲ್ಲ."

"ಹ್ಞಾ! ಹಂಗಾರ ಹೊರಗ ಏನ್ ಬರ್ದೈತಿ?"

ಮಗಳು ಬೆಲ್ಲ ಚೀಪುತ್ತಾ, ದಡ್ಡರಿಗೆ ತಿಳಿಹೇಳುವ ತಾಳ್ಮೆಯಿಂದ ತಾಯಿಯನ್ನು ನೋಡಿದಳು. "ಒಳಗ ಬೆಲ್ಲ ಐತಿ. ಹೊರಗ ಉಪ್ಪು ಅಂತ ಬರ್ದೈತಿ. ನೀನ ಹೇಳಿದ್ದೆಲ್ಲಾ ಅವ್ವಾ," ಎಂದಳು. "ನಿನಗ ನೆನಪ ಇರಂಗಿಲ್ಲ."